ಮಂದ್ರದೊಳಗಿನ ಗಾಂಧಾರ

ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಕೊನೆಯ ತಂತಿಯನ್ನು ಮೀಟಿ ಸುಮ್ಮನೆ ಕುಳಿತುಕೊಳ್ಳಿ. ಮೀಟಿದ್ದು ಮಂದ್ರ ಷಡ್ಜ. ಆದರೆ ಒಂದೆರಡು ಕ್ಷಣ ಕಳೆಯುವಷ್ಟರಲ್ಲಿ, ಯಾರೂ ಮೀಟದ ಗಾಂಧಾರವೊಂದು ಅದರೊಳಗಿಂದ ಎದ್ದು ಬರುತ್ತದೆ. ಹಿಂದೂಸ್ತಾನಿ ಗಾಯಕರು ಇದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಅದು ತಂತಿಯ ಐದನೇ ಹಾರ್ಮೋನಿಕ್. ಹಾರ್ಮೋನಿಯಮ್ಮಿನ ಕಪ್ಪು ಒಂದರ ಶ್ರುತಿಯಲ್ಲಿ ಮಂದ್ರ ಷಡ್ಜ ಸುಮಾರು 69 ಹರ್ಟ್ಸ್. ಅದರ ಐದು ಪಟ್ಟು, ಅಂದರೆ ಸುಮಾರು 346 ಹರ್ಟ್ಸ್‌ನಲ್ಲಿ ಈ ಗಾಂಧಾರ. ಕುದುರೆಗೂ ತಂತಿಗೂ ನಡುವೆ ಸಿಕ್ಕಿಸಿದ ದಾರ ಒಂದು ಕೂದಲೆಳೆ ಸರಿದರೂ ಅದು ಮಂಕಾಗುತ್ತದೆ.

ದುಬಾರಿ ಹೆಡ್‌ಫೋನ್ ಯಾವುದೇ ಕೈಗೆ ಬರಲಿ, ನಾನು ಮೊದಲು ಹುಡುಕುವುದು ಈ ಗಾಂಧಾರವನ್ನು. ಇಂಥ ಹೆಡ್‌ಫೋನುಗಳನ್ನು ಹೊಗಳುವಾಗ ಎಲ್ಲರ ಬಾಯಲ್ಲೂ ಬರುವ ಮಾತು ‘ಡೀಟೇಲ್’. ಗಾಯಕರು ಉಸಿರೆಳೆದದ್ದು ಕೇಳಿಸಿತು, ಪಿಟೀಲಿನ ಕಮಾನು ತಂತಿಗೆ ತಾಗಿದ್ದು ಕೇಳಿಸಿತು, ಹಾಳೆ ತಿರುವಿದ್ದೂ ಕೇಳಿಸಿತು ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಆ ಸೂಕ್ಷ್ಮಗಳಲ್ಲಿ ಬಹುಪಾಲು ನಾಲ್ಕೈದು ಸಾವಿರ ಹರ್ಟ್ಸ್‌ಗಿಂತ ಮೇಲಿನ ಸದ್ದುಗಳು. ಆ ಭಾಗವನ್ನು ತುಸು ಎತ್ತಿಕೊಟ್ಟರೆ ಸಾಧಾರಣ ಹೆಡ್‌ಫೋನಿನಲ್ಲೂ ವಿವರ ಹೆಚ್ಚಿದಂತೆ ಕೇಳುತ್ತದೆ. ಗಾಂಧಾರ ಇರುವುದು ಮನುಷ್ಯನ ಕಂಠ ನೆಲೆಸಿರುವ ನಡುಭಾಗದಲ್ಲಿ. ಅಲ್ಲಿ ಅಂಥ ಸುಲಭದ ದಾರಿ ಇಲ್ಲ. ಇಡೀ ನಡುಭಾಗ ಸಮವಾಗಿ, ಸ್ವಚ್ಛವಾಗಿ ಇದ್ದರೆ ಮಾತ್ರ ಅದು ಕೇಳುತ್ತದೆ. ಹೆಡ್‌ಫೋನಿನ ಯೋಗ್ಯತೆ ತೀರ್ಮಾನವಾಗಬೇಕಾದದ್ದು ಅಲ್ಲೇ ಎಂದು ನಾನು ನಂಬಿದ್ದೇನೆ. ಆ ನಂಬಿಕೆಯಿಂದಲೇ ಸೆನ್‌ಹೈಸರ್ ಎಚ್‌ಡಿ 600, ಸೆನ್‌ಹೈಸರ್ ಎಚ್‌ಡಿ 800 ಎಸ್ ಮತ್ತು ಆಡೆಜ್ ಎಲ್‌ಸಿಡಿ-ಎಕ್ಸ್ ಎಂಬ ಮೂರು ಓಪನ್‌ಬ್ಯಾಕ್ ಹೆಡ್‌ಫೋನುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಒಂದು ತಿಂಗಳು ಕೇಳಿದೆ. ಮೊದಲನೆಯದು ನನ್ನದು, ಉಳಿದೆರಡು ಗೆಳೆಯರಿಂದ ಎರವಲು ತಂದವು.

ಓಪನ್‌ಬ್ಯಾಕ್ ಎಂದರೆ ಹಿಂಬದಿ ತೆರೆದಿರುವುದು. ಮುಚ್ಚಿದ ಹೆಡ್‌ಫೋನಿನಲ್ಲಿ ಸದ್ದು ಹುಟ್ಟಿಸುವ ಡ್ರೈವರ್ ಹಿಂದಕ್ಕೆ ತಳ್ಳಿದ ಗಾಳಿ ಬಟ್ಟಲೊಳಗೇ ಸಿಕ್ಕಿಬೀಳುತ್ತದೆ. ಗೋಡೆಗೆ ಬಡಿದು, ಒಂದಿಷ್ಟು ತಡವಾಗಿ ಮತ್ತೆ ಕಿವಿಯ ಕಡೆಗೇ ಬರುತ್ತದೆ. ಬಿಂದಿಗೆಯೊಳಗೆ ಬಾಯಿಟ್ಟು ಮಾತಾಡಿದಾಗ ದನಿಗೆ ಬರುವ ಗುಂಯ್ ಎಂಬ ಬಣ್ಣ ಅಲ್ಲಿ ಅಷ್ಟೋ ಇಷ್ಟೋ ಸೇರಿಕೊಳ್ಳುತ್ತದೆ. ಹಿಂಬದಿಗೆ ಬರೀ ಜಾಲರಿ ಇಟ್ಟರೆ ಆ ಸದ್ದು ಹೊರಗೆ ಹೋಗಿಬಿಡುತ್ತದೆ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿ ಹಳದಿ ಸ್ಪಂಜಿನ ಎಚ್‌ಡಿ 414 ಮೂಲಕ ಈ ವಿನ್ಯಾಸವನ್ನು ಮನೆಮನೆಗೆ ಮುಟ್ಟಿಸಿತು. ತೆರೆದದ್ದಕ್ಕೆ ತೆರಬೇಕಾದ ಬೆಲೆಯೂ ಉಂಟು. ಒಳಗಿನ ಹಾಡು ಪಕ್ಕದವರಿಗೆ ಕೇಳುತ್ತದೆ. ಹೊರಗಿನ ಕುಕ್ಕರ್ ಕೂಗು, ಆಟೋ ಹಾರ್ನ್ ನೇರವಾಗಿ ಕಿವಿಗೆ ಬರುತ್ತದೆ. ಆದ್ದರಿಂದ ಬೆಂಗಳೂರಿನಲ್ಲಿರುವ ನಾನು ಕೇಳಲು ಕೂರುವುದು ಬೆಳಗಿನ ಜಾವ ನಾಲ್ಕೂವರೆಯಿಂದ ಆರರವರೆಗೆ, ಹಾಲಿನವನು ಗೇಟು ತಟ್ಟುವ ತನಕ.

ಹೋಲಿಸುವಾಗ ನಾನು ಬಿಡದೆ ಪಾಲಿಸಿದ ನಿಯಮ ಒಂದೇ: ಮೂರರ ಸದ್ದಿನ ಮಟ್ಟವನ್ನೂ ಅಳೆದು ಸರಿಸಮ ಮಾಡಿಕೊಂಡು ಕೇಳುವುದು. ಒಂದು ಡೆಸಿಬೆಲ್ ಜೋರಿದ್ದರೂ ಕಿವಿ ಅದರ ಕಡೆ ವಾಲುತ್ತದೆ. ಇದು ಜೋರಾಗಿದೆ ಎಂದು ನಮಗೆ ತಿಳಿಯುವುದಿಲ್ಲ, ಇದು ಚೆನ್ನಾಗಿದೆ ಎಂದೇ ಅನ್ನಿಸುತ್ತದೆ. ಅಂಗಡಿಯಲ್ಲಿ ನಿಂತು ಐದು ನಿಮಿಷದಲ್ಲಿ ಮಾಡಿದ ತೀರ್ಪುಗಳು ಮನೆಗೆ ಬಂದ ಮೇಲೆ ಉಲ್ಟಾ ಹೊಡೆಯುವುದಕ್ಕೆ ಮುಖ್ಯ ಕಾರಣ ಇದು. ಕೇಳಿದ್ದು ನನಗೆ ಬಾಯಿಪಾಠವಾಗಿರುವ ಸಂಗೀತವನ್ನು: ಬರೀ ತಂಬೂರಿ, ಮಲ್ಲಿಕಾರ್ಜುನ ಮನ್ಸೂರರ ಬಹಾದುರಿ ತೋಡಿ, ಒಂದು ಕಛೇರಿಯ ತನಿ ಆವರ್ತನ, ಪಿಯಾನೊ ವಾದಕ ಕೀತ್ ಜ್ಯಾರೆಟ್‌ರ ‘ಕಲೋನ್ ಕನ್ಸರ್ಟ್’, ಪಿ.ಬಿ. ಶ್ರೀನಿವಾಸರ ಅರವತ್ತರ ದಶಕದ ಚಿತ್ರಗೀತೆಗಳು.

ಎಚ್‌ಡಿ 600 ಬಂದದ್ದು 1997ರಲ್ಲಿ. ಮೂರರಲ್ಲಿ ಹಳೆಯದು, ಅಗ್ಗದ್ದು, ಹಗುರವಾದದ್ದು. ತೂಕ 260 ಗ್ರಾಂ. ತಂಬೂರಿ ಶುರುವಾದ ಅರ್ಧ ನಿಮಿಷಕ್ಕೇ ಇದರಲ್ಲಿ ಗಾಂಧಾರ ಎದ್ದು ನಿಂತಿತು. ಮಂದ್ರದ ಬುಡದಿಂದ ಬಿಡಿಸಿಕೊಂಡರೂ ಅದಕ್ಕೆ ಅಂಟಿಕೊಂಡೇ ಇತ್ತು, ಗಿಡದ ಮೇಲಿನ ಹೂವಿನಂತೆ. ಮನ್ಸೂರರ ಕಂಠ ಇದರಲ್ಲಿ ಕೇಳುವ ರೀತಿಯಂತೂ ನನಗೆ ಇಂದಿಗೂ ಬೆರಗು. ಅವರು ಒಂದು ತಾನ ಮುಗಿಯಿತು ಎನ್ನುವಷ್ಟರಲ್ಲಿ, ಸಿಕ್ಕಿದ ಅರ್ಧ ಉಸಿರಿನಲ್ಲೇ ಇನ್ನೊಂದಕ್ಕೆ ಜಿಗಿಯುವವರು. ಆ ಜಿಗಿತದಲ್ಲಿ ಆಕಾರದ ಬಾಯಿ ಸ್ವಲ್ಪ ಕಿರಿದಾಗುತ್ತದೆ, ದನಿಗೆ ಒಂದು ಎಳೆ ಸಾಣೆ ಬರುತ್ತದೆ. ಎದುರು ಕೂತು ಕೇಳಿದವರಿಗೆ ಈ ವ್ಯತ್ಯಾಸ ಗೊತ್ತು. ಎಚ್‌ಡಿ 600 ಅದನ್ನು ಉಬ್ಬಿಸದೆ, ಅಡಗಿಸದೆ ಇದ್ದ ಹಾಗೆ ಮುಂದಿಡುತ್ತದೆ. ಪಿ.ಬಿ. ಶ್ರೀನಿವಾಸರ ಮೊನೊ ಹಾಡುಗಳಲ್ಲೂ ಅಷ್ಟೇ: ಹಳೆಯ ಮುದ್ರಣದ ಸಿರ್ರೆನ್ನುವ ಸದ್ದು ಹಿಂದೆ ಉಳಿದು, ದನಿಯ ನುಣುಪು ಮುಂದೆ ಬರುತ್ತದೆ.

ಇದರ ಕೊರತೆಗಳನ್ನು ಮುಚ್ಚಿಡಬೇಕಿಲ್ಲ. ನೂರು ಹರ್ಟ್ಸ್‌ಗಿಂತ ಕೆಳಕ್ಕೆ ಇಳಿದಂತೆ ಸದ್ದು ಮೆಲ್ಲಗೆ ಸೊರಗುತ್ತದೆ. ಮೃದಂಗದ ಎಡಗೈ ಗುಂಕಿ ಇದೆ ಎಂದು ತಿಳಿಯುತ್ತದೆಯೇ ಹೊರತು ಎದೆಗೆ ಮುಟ್ಟುವುದಿಲ್ಲ. ವೇದಿಕೆ ಕಿರಿದು. ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು ಎಂದು ಮೂರು ಗುಂಪಾಗಿ ವಾದ್ಯಗಳು ಕೂರುತ್ತವೆ. ದೊಡ್ಡ ಆರ್ಕೆಸ್ಟ್ರಾಕ್ಕೆ ಇಲ್ಲಿ ಜಾಗ ಸಾಲದು.

ಗುಂಕಿಗೆ ಹೇಳಿ ಮಾಡಿಸಿದ್ದು ಎಲ್‌ಸಿಡಿ-ಎಕ್ಸ್. ಇದು ಪ್ಲೇನಾರ್ ಮ್ಯಾಗ್ನೆಟಿಕ್ ಜಾತಿಯದು. ಸಾಮಾನ್ಯ ಡ್ರೈವರಿನಲ್ಲಿ ಒಂದು ಸುರುಳಿ ತಂತಿ ಗುಮ್ಮಟದಂಥ ಪೊರೆಯನ್ನು ಒಂದು ಉಂಗುರದಷ್ಟು ಜಾಗದಲ್ಲಿ ಮಾತ್ರ ಹಿಡಿದು ಅಲುಗಿಸುತ್ತದೆ. ಪ್ಲೇನಾರಿನಲ್ಲಿ ತೆಳು ಹಾಳೆಯ ಮೈಮೇಲೆಲ್ಲ ವಾಹಕದ ಗೆರೆಗಳಿರುತ್ತವೆ. ಅಯಸ್ಕಾಂತಗಳ ಎದುರಿಗೆ ಇಡೀ ಹಾಳೆ ಒಟ್ಟಿಗೇ ಹಿಂದೆ ಮುಂದೆ ಚಲಿಸುತ್ತದೆ. ಇಲ್ಲಿ ಆ ಹಾಳೆಯ ಅಗಲ 106 ಮಿಲಿಮೀಟರ್. ತೀರಾ ಕೆಳಗಿನ ಸದ್ದೂ ಸೊರಗದೆ, ಸೀಳದೆ ಬರುವುದು ಇದರಿಂದಲೇ. ನಮ್ಮ ಬೀದಿಯಲ್ಲಿರುವ ಮೃದಂಗದ ಮೇಷ್ಟ್ರನ್ನು ಕರೆದು ತನಿ ಆವರ್ತನ ಕೇಳಿಸಿದೆ. ಕಣ್ಣು ಮುಚ್ಚಿ ಕೂತವರು ಗುಂಕಿ ಬಂದಾಗಲೆಲ್ಲ ತೊಡೆಯ ಮೇಲೆ ಎಡ ಅಂಗೈ ಒತ್ತಿ ಜಾರಿಸುತ್ತಿದ್ದರು. ‘ತೊಪ್ಪಿಗೆ ಹಾಕಿದ ರವೆಯ ಹಸಿ ಇನ್ನೂ ಆರಿಲ್ಲ ನೋಡಿ, ಅದೂ ಗೊತ್ತಾಗ್ತದೆ’ ಎಂದರು. ಸ್ವಲ್ಪ ಹೊತ್ತಿನ ಮೇಲೆ ಹುಬ್ಬು ಗಂಟಿಕ್ಕಿ, ‘ಎಡಗೈ ಪೂರ್ತಿ ಇದೆ ಸಾರ್, ಆದರೆ ಬಲಗೈ ಚಾಪು ಯಾಕೋ ಒಂದು ಹೆಜ್ಜೆ ಹಿಂದೆ ಹೋಗಿ ಕೂತಿದೆ’ ಎಂದರು.

ನಾನು ವಾರದಿಂದ ಹೇಳಲು ತಡಕಾಡುತ್ತಿದ್ದದ್ದನ್ನು ಅವರು ಒಂದು ಮಾತಿನಲ್ಲಿ ಮುಗಿಸಿದರು. ಎಲ್‌ಸಿಡಿ-ಎಕ್ಸ್‌ನಲ್ಲಿ ಮೂರು ನಾಲ್ಕು ಸಾವಿರ ಹರ್ಟ್ಸ್ ಆಸುಪಾಸು ತಗ್ಗಾಗಿದೆ. ನಮ್ಮ ಕಿವಿನಾಳ ತಾನಾಗಿಯೇ ಎತ್ತಿ ಕೇಳಿಸುವ ಭಾಗ ಅದು. ಚಾಪಿನ ಮೊನೆ, ಹೆಣ್ಣುದನಿಯ ಹೊಳಪು, ಪಿಟೀಲಿನ ಅಂಚು ಎಲ್ಲ ಇರುವುದು ಅಲ್ಲೇ. ತಂಬೂರಿಯಲ್ಲಿ ಗಾಂಧಾರ ಕೇಳಿತು, ದುಂಡಗೆ ಕೇಳಿತು. ಆದರೆ ಅದರ ಮೇಲಿನ ಎಳೆಗಳು ಮಸುಕಾದ್ದರಿಂದ ತಂಬೂರಿಗೆ ಕಂಬಳಿ ಹೊದಿಸಿದಂತಾಯಿತು. ಕಂಪನಿ 2021ರಲ್ಲಿ ಈ ಮಾದರಿಯನ್ನು ತಿದ್ದಿದೆ, ಈಕ್ವಲೈಜರ್ ಬಳಸಿ ಇನ್ನೂ ಸರಿಪಡಿಸಿಕೊಳ್ಳಬಹುದು. ಸೀಳುವಿಕೆ ಕಡಿಮೆ ಇರುವುದರಿಂದ ಇದು ಆ ತಿದ್ದುಪಡಿಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ತೂಕಕ್ಕೆ ಮಾತ್ರ ಮದ್ದಿಲ್ಲ. 612 ಗ್ರಾಂ ತಲೆಯ ಮೇಲೆ ಹೊತ್ತು ಒಂದು ವಿಲಂಬಿತ್ ಖಯಾಲು ಪೂರ್ತಿ ಕೇಳುವುದು ಕತ್ತಿಗೆ ಕಷ್ಟ.

ಎಚ್‌ಡಿ 800 ಎಸ್ ಬೇರೆಯದೇ ಲೋಕ. 2009ರ ಎಚ್‌ಡಿ 800ರಲ್ಲಿ ಆರು ಸಾವಿರ ಹರ್ಟ್ಸ್ ಹತ್ತಿರ ಒಂದು ಚೂಪಾದ ಏರು ಇತ್ತು. ಅದನ್ನು ಹೀರಿಕೊಳ್ಳುವ ಏರ್ಪಾಡು ಸೇರಿಸಿ 2016ರಲ್ಲಿ ಎಸ್ ಮಾದರಿಯನ್ನು ತಂದರು. 56 ಮಿಲಿಮೀಟರಿನ ಉಂಗುರಾಕಾರದ ಡ್ರೈವರ್ ಕಿವಿಯಿಂದ ದೂರದಲ್ಲಿ, ಓರೆಯಾಗಿ ಕೂತಿದೆ. ಸದ್ದು ಮುಂದಿನಿಂದ ಬಂದು ಹೊರಕಿವಿಯ ಮಡಿಕೆಗಳಿಗೆ ತಾಗಿ ಒಳಹೋಗುತ್ತದೆ. ಅದರಿಂದ ಹುಟ್ಟುವ ವಿಸ್ತಾರಕ್ಕೆ ಉಳಿದೆರಡರಲ್ಲಿ ಸಾಟಿ ಇಲ್ಲ.

ಜ್ಯಾರೆಟ್‌ರ ಕಛೇರಿ ಹಾಕಿದಾಗ ಇದು ಸ್ಪಷ್ಟವಾಯಿತು. 1975ರ ಜನವರಿ 24ರ ರಾತ್ರಿ ಕಲೋನ್ ನಗರದ ಒಪೆರಾ ಭವನದಲ್ಲಿ ಅವರಿಗೆ ಸಿಕ್ಕಿದ್ದು ತಾವು ಬೇಕೆಂದಿದ್ದ ಪಿಯಾನೊ ಅಲ್ಲ. ಮೇಲಿನ ಸ್ವರಗಳು ಡಬ್ಬಿ ಬಡಿದಂತೆ, ಮಂದ್ರ ಬಲಹೀನ. ಅವರು ಹೆಚ್ಚಾಗಿ ನಡು ಸಪ್ತಕದಲ್ಲೇ ನಿಂತು, ಎಡಗೈಯಲ್ಲಿ ಒಂದೇ ನಡೆಯನ್ನು ಮತ್ತೆ ಮತ್ತೆ ನುಡಿಸುತ್ತ ಆ ರಾತ್ರಿಯನ್ನು ಗೆದ್ದರು. ಎಚ್‌ಡಿ 800 ಎಸ್ ಆ ಭವನದ ಗಾಳಿಯನ್ನು ಕಟ್ಟಿಕೊಡುತ್ತದೆ. ಪಿಯಾನೊ ಒಂದೆಡೆ, ನುಡಿಸುತ್ತಲೇ ಅವರು ನರಳುವ ದನಿ ಅದರ ಮೇಲೆ, ಕಾಲು ನೆಲಕ್ಕೆ ಬಡಿದದ್ದು ಕೆಳಗೆ ಎಂದು ಬೆರಳಿಟ್ಟು ತೋರಿಸಬಹುದು. ಆದರೆ ಆ ನಡು ಸಪ್ತಕದ ಮರದ ಮೈ, ಸುತ್ತಿಗೆ ತಂತಿಗೆ ಬಿದ್ದಾಗಿನ ತೂಕ ಎಚ್‌ಡಿ 600ರಲ್ಲಿ ಇದ್ದಷ್ಟು ಇಲ್ಲಿಲ್ಲ. ಮನ್ಸೂರರ ಕಂಠವೂ ಒಂದಿಷ್ಟು ತೆಳುವಾಯಿತು, ಮೂರನೇ ಸಾಲಿನಿಂದ ಎದ್ದು ಹತ್ತನೇ ಸಾಲಿಗೆ ಹೋಗಿ ಕೂತಂತೆ. ತಂಬೂರಿಯ ಮೇಲಿನ ಎಳೆಗಳು ಮಿನುಗಿದವು, ಗಾಂಧಾರ ಹುಡುಕಿದರೆ ಸಿಕ್ಕಿತು. ಎಚ್‌ಡಿ 600ರಲ್ಲಿ ಹುಡುಕಬೇಕಿರಲಿಲ್ಲ. ಆರ್ಕೆಸ್ಟ್ರಾ ಕೇಳುವವರಿಗೆ ಎಚ್‌ಡಿ 800 ಎಸ್‌ಗಿಂತ ಒಳ್ಳೆಯದನ್ನು ನಾನು ಹೇಳಲಾರೆ. ಕಂಠ ಕೇಳುವವರಿಗೆ ಇದು ನನ್ನ ಶಿಫಾರಸು ಅಲ್ಲ.

ಇವುಗಳಿಗಿಂತ ಮೇಲಿನ ಮೆಟ್ಟಿಲುಗಳೂ ಇವೆ. ಫ್ರಾನ್ಸಿನ ಫೋಕಲ್ ಯುಟೋಪಿಯಾ 2016ರಲ್ಲಿ ಸುಮಾರು 4,000 ಡಾಲರಿಗೆ ಬಂತು. ಅದರ ಬೆರಿಲಿಯಮ್ ಪೊರೆ ಚಾಪಿನ ಪೆಟ್ಟನ್ನು ಕೊಡುವ ಚುರುಕು ಅಪರೂಪದ್ದು, ಆದರೆ ವೇದಿಕೆ ಇಕ್ಕಟ್ಟು. ಜಪಾನಿನ ಸ್ಟ್ಯಾಕ್ಸ್ 1960ರಿಂದ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನುಗಳನ್ನು ಮಾಡುತ್ತಿದೆ; ಅದರ ಈಗಿನ ಮಾದರಿಗಳಿಗೆ 580 ವೋಲ್ಟ್ ಬಯಾಸ್ ಕೊಡುವ ಪ್ರತ್ಯೇಕ ಆಂಪ್ಲಿಫೈಯರ್ ಬೇಕು. 6,000 ಡಾಲರಿಗೆ ಬಿಡುಗಡೆಯಾದ ಹೈಫೈಮ್ಯಾನ್ ಸುಸ್ವಾರಾದ ಹಸಿವು ಇನ್ನೊಂದು ಬಗೆಯದು. ಅದರ ಸೂಕ್ಷ್ಮತೆ ಒಂದು ಮಿಲಿವ್ಯಾಟ್‌ಗೆ 83 ಡೆಸಿಬೆಲ್, ಎಲ್‌ಸಿಡಿ-ಎಕ್ಸ್‌ನದು 103. ಹತ್ತು ಡೆಸಿಬೆಲ್ ಏರಬೇಕಾದರೆ ಹತ್ತು ಪಟ್ಟು ಶಕ್ತಿ ಬೇಕು. ತಬಲಾದ ಒಂದು ಜೋರು ಪೆಟ್ಟು 113 ಡೆಸಿಬೆಲ್ ಮುಟ್ಟಬೇಕಾದರೆ ಎಲ್‌ಸಿಡಿ-ಎಕ್ಸ್‌ಗೆ 10 ಮಿಲಿವ್ಯಾಟ್ ಸಾಕು, ಸುಸ್ವಾರಾಕ್ಕೆ ಪೂರ್ತಿ ಒಂದು ವ್ಯಾಟ್ ಬೇಕು. ಹೆಡ್‌ಫೋನಿನ ಬೆಲೆ ನೋಡಿ ಹಣ ಕೂಡಿಡುವವರು ಆಂಪ್ಲಿಫೈಯರಿನ ಈ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು.

ಇಷ್ಟು ಹಣ ಸುರಿದರೆ ಸ್ವರಗಳ ಸಮತೋಲ ತಾನಾಗಿ ಬರುತ್ತದೆಯೇ? 2017ರಲ್ಲಿ ಜೆರೋನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಬೆಲೆಯೊಂದಿಗೆ ಇಟ್ಟು ನೋಡಿದರು. ಬೆಲೆಗೂ ಫ್ರೀಕ್ವೆನ್ಸಿ ರೆಸ್ಪಾನ್ಸ್‌ಗೂ ಅವರಿಗೆ ಸಂಬಂಧ ಕಾಣಲಿಲ್ಲ. ನನ್ನ ಒಂದು ತಿಂಗಳ ಅನುಭವವೂ ಅದನ್ನೇ ಹೇಳುತ್ತದೆ. ಬೆಲೆ ಏರಿದಂತೆ ಆಳ ಸಿಕ್ಕಿತು, ವಿಸ್ತಾರ ಸಿಕ್ಕಿತು, ಚುರುಕು ಸಿಕ್ಕಿತು. ಅವೆಲ್ಲ ನಿಜವಾದ ಲಾಭಗಳು. ಕಂಠದ ಸಹಜತೆ ಮಾತ್ರ ಬೆಲೆಯ ಜೊತೆ ಏರಲಿಲ್ಲ.

ನನ್ನ ತೀರ್ಪು ಇದು. ಸಿಂಫನಿ, ಒಪೆರಾ ಕೇಳುವವರಿಗೆ ಎಚ್‌ಡಿ 800 ಎಸ್. ತಾಳವಾದ್ಯದ ಆಳಕ್ಕೆ ಮನಸೋತವರಿಗೆ, ಈಕ್ವಲೈಜರ್ ಕೈಗೆ ಒಗ್ಗಿದವರಿಗೆ ಎಲ್‌ಸಿಡಿ-ಎಕ್ಸ್. ದಿನವೂ ಗಾಯನ, ವೀಣೆ, ಪಿಟೀಲು, ಹಳೆಯ ಚಿತ್ರಗೀತೆ ಕೇಳುವವರಿಗೆ 300–400 ಡಾಲರಿನ ಎಚ್‌ಡಿ 600 ಸಾಕು ಎಂದಲ್ಲ, ಅದೇ ಸರಿ. ದಿಂಬು, ಕೇಬಲ್, ತಲೆಪಟ್ಟಿ ಎಲ್ಲವನ್ನೂ ಮನೆಯಲ್ಲೇ ಕೈಯಿಂದ ಬಿಚ್ಚಿ ಹೊಸದು ಹಾಕಬಹುದಾದ್ದರಿಂದ ಅದು ಇಪ್ಪತ್ತು ವರ್ಷ ಬಾಳುವ ವಸ್ತುವೂ ಹೌದು. ಕಿವಿನಾಳದ, ಹೊರಕಿವಿಯ ಆಕಾರ ಎಲ್ಲರದೂ ಒಂದೇ ಅಲ್ಲ. ನನ್ನ ತೀರ್ಪನ್ನು ನಿಮ್ಮ ಕಿವಿಯಲ್ಲಿ ಪರೀಕ್ಷಿಸಿಯೇ ಒಪ್ಪಿ. ಕೊಳ್ಳಲು ಹೋಗುವಾಗ ಅಂಗಡಿಯವರು ಹಾಕುವ ಹಾಡನ್ನು ಕೇಳಬೇಡಿ. ನಿಮಗೆ ಬಾಯಿಪಾಠವಾಗಿರುವ ಒಂದು ಹಾಡು, ಜೊತೆಗೆ ಹತ್ತು ನಿಮಿಷದ ತಂಬೂರಿ ಮೊಬೈಲಿನಲ್ಲಿ ಒಯ್ಯಿರಿ. ಸದ್ದು ತಗ್ಗಿಸಿ, ಕಣ್ಣು ಮುಚ್ಚಿ, ಮಂದ್ರ ಷಡ್ಜದೊಳಗಿನ ಗಾಂಧಾರಕ್ಕಾಗಿ ಕಾಯಿರಿ. ಅದು ತಾನಾಗಿ ಎದ್ದು ಬಂದರೆ ಬೆಲೆಚೀಟಿ ಏನೇ ಹೇಳಲಿ, ಆ ಹೆಡ್‌ಫೋನನ್ನು ಮನೆಗೆ ತನ್ನಿ.