ಇಪ್ಪತ್ತು ದಿನ ಮೊದಲೇ ತಿಳಿದರೆ

ಕಿಡ್ನಿ ಕಸಿಯಾದವರ ಮನೆಯಲ್ಲಿ ಮಕ್ಕಳಿಗೂ ಬಾಯಿಪಾಠವಾಗಿರುವ ಪದ ಕ್ರಿಯಾಟಿನಿನ್: ಕಿಡ್ನಿ ಸೋಸಿ ಹೊರಹಾಕಬೇಕಾದ, ರಕ್ತದಲ್ಲಿನ ಕಸ. 1.2 ಇದ್ದದ್ದು 1.6 ಆಯಿತೆಂದರೆ ಮನೆಮಂದಿಗೆಲ್ಲ ನಿದ್ದೆಯಿಲ್ಲ. ಆದರೆ ಈ ಅಂಕಿ ಏರುವ ಹೊತ್ತಿಗೆ ದೇಹ ಹೊಸ ಕಿಡ್ನಿಯ ಮೇಲೆ ತಿರುಗಿಬಿದ್ದು (ಇದಕ್ಕೇ ತಿರಸ್ಕಾರ ಎನ್ನುವುದು) ಎಷ್ಟೋ ದಿನ ಕಳೆದಿರುತ್ತದೆ. ನೀರು ಕಡಿಮೆ ಕುಡಿದರೂ ಅದು ಏರುತ್ತದೆ, ತಿರಸ್ಕಾರ ತಡೆಯುವ ಟ್ಯಾಕ್ರೋಲಿಮಸ್ ಮಾತ್ರೆ ಹೆಚ್ಚಾದರೂ ಏರುತ್ತದೆ. ಖಚಿತವಾಗಬೇಕಾದರೆ ಬಯಾಪ್ಸಿಯೇ ಗತಿ: ಸೂಜಿ ಚುಚ್ಚಿ ಕಿಡ್ನಿಯ ಚೂರು ತೆಗೆಯಬೇಕು.

ಸೂಜಿಯ ಗೊಡವೆಯಿಲ್ಲದೆ ಮೂತ್ರದಲ್ಲೇ ಸುಳಿವು ಹಿಡಿಯಲು ಹೊರಟವರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಡಾ. ಮಣಿಕ್ಕಂ ಸುದಂತಿರನ್ ಪ್ರಮುಖರು. 485 ಮಂದಿಯಿಂದ 4,300 ಮೂತ್ರ ಮಾದರಿ ಪಡೆದು ಅವರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನ ಗಟ್ಟಿಯಾದ ಕೆಲಸ. ಮೂತ್ರದಲ್ಲಿನ ಜೀವಕೋಶಗಳಿಂದ ಮೂರು ಆರ್‌ಎನ್‌ಎಗಳನ್ನು ಅಳೆದು ಒಂದು ಅಂಕ ಕೊಡುತ್ತಾರೆ. ತಿರಸ್ಕಾರ ಬಯಾಪ್ಸಿಯಲ್ಲಿ ಕಾಣುವುದಕ್ಕೆ ಸುಮಾರು 20 ದಿನ ಮೊದಲೇ ಆ ಅಂಕ ಏರತೊಡಗಿತ್ತು.

ಪತ್ರಿಕೆಗಳು ಕುಣಿದಾಡುವುದು ಈ ಇಪ್ಪತ್ತು ದಿನಕ್ಕೆ. ನಾನು ನೋಡುವುದು ಇನ್ನೆರಡು ಅಂಕಿಗಳನ್ನು. ತಿರಸ್ಕಾರ ಇದ್ದವರಲ್ಲಿ 79%, ಇಲ್ಲದವರಲ್ಲಿ 78% ಮಂದಿಯನ್ನು ಮಾತ್ರ ಪರೀಕ್ಷೆ ಸರಿಯಾಗಿ ಗುರುತಿಸಿತು. ನೂರು ಜನರಲ್ಲಿ ಹತ್ತು ಮಂದಿಗೆ ತಿರಸ್ಕಾರವಿದೆ ಎಂದುಕೊಳ್ಳಿ. ಎಂಟು ಮಂದಿ ಸಿಕ್ಕುತ್ತಾರೆ, ಇಬ್ಬರು ತಪ್ಪಿಸಿಕೊಳ್ಳುತ್ತಾರೆ; ಏನೂ ಆಗದ ಇಪ್ಪತ್ತು ಮಂದಿ ಸುಮ್ಮಸುಮ್ಮನೆ ಗಾಬರಿ ಬೀಳುತ್ತಾರೆ.

ಮೊದಲೇ ತಿಳಿದರೆ ಕಿಡ್ನಿ ಉಳಿಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕಿಡ್ನಿ ಕಸಿಯಾದ 241 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ತಿರಸ್ಕಾರವಾದಾಗ ಮೂತ್ರದಲ್ಲಿ ಏರುವ ಸಿಎಕ್ಸ್‌ಸಿಎಲ್10 ಎಂಬ ಪ್ರೋಟೀನಿನ ಮಟ್ಟ ನೋಡಿಕೊಂಡು ಬಯಾಪ್ಸಿ, ಚಿಕಿತ್ಸೆ ಮಾಡಿದರು. 2023ರಲ್ಲಿ ಬಂದ ಫಲಿತಾಂಶ: ಹೇಳಿಕೊಳ್ಳುವಂಥ ಲಾಭವಿಲ್ಲ. ಮೂತ್ರದ ಸೋಂಕು, ಕಸಿ ಕಿಡ್ನಿಗೆ ತಗಲುವ ಬಿಕೆ ವೈರಸ್ಸಿನಿಂದಲೂ ಈ ಪ್ರೋಟೀನು ಏರುತ್ತದೆ.

ಹಾಗಾದರೆ ಪರೀಕ್ಷೆ ಬೇಡವೇ? ಶಿಕಾರಿಪುರ ತಾಲ್ಲೂಕಿನ ಈಸೂರಿನಿಂದ ನೋಡಿದರೆ ನನ್ನ ಉತ್ತರ ಬದಲಾಗುತ್ತದೆ. ಬೆಂಗಳೂರಿನಲ್ಲಿ ಕಸಿಯಾದ ಅಲ್ಲಿನವರು ಬಯಾಪ್ಸಿಗೆಂದು 300 ಕಿ.ಮೀ.ಗೂ ಹೆಚ್ಚು ದೂರ ಹೋಗಬೇಕು, ಜೊತೆಗೊಬ್ಬರು ಕೂಲಿ ಬಿಟ್ಟು ಬರಬೇಕು. ಇಂಥವರಿಗೆ ‘ಸದ್ಯಕ್ಕೆ ತಿರಸ್ಕಾರದ ಲಕ್ಷಣವಿಲ್ಲ, ಮನೆಯಲ್ಲೇ ಇರಿ’ ಎನ್ನಬಲ್ಲ ಪರೀಕ್ಷೆಯೇ ದೊಡ್ಡ ಉಪಕಾರ. ಆರ್‌ಎನ್‌ಎ ಪರೀಕ್ಷೆಯಿಂದ ಅದು ಸುಲಭವಲ್ಲ. ಮೂತ್ರ ಹಿಡಿದ ಕೂಡಲೇ ಯಂತ್ರದಲ್ಲಿ ತಿರುಗಿಸಿ ಜೀವಕೋಶ ಬೇರ್ಪಡಿಸಿ ಕಾಪಿಡಬೇಕು. ಪ್ರೋಟೀನು ಅಷ್ಟು ನಾಜೂಕಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮಾದರಿ ಕೊಟ್ಟು, ಐಸ್ ಡಬ್ಬಿಯಲ್ಲಿ ದೊಡ್ಡ ಪ್ರಯೋಗಾಲಯಕ್ಕೆ ಕಳಿಸುವ ಏರ್ಪಾಟನ್ನು ನಮ್ಮ ಸಂಶೋಧಕರು ಮೊದಲು ಪರೀಕ್ಷಿಸಲಿ.

ಅಲ್ಲಿಯವರೆಗೆ ಕ್ರಿಯಾಟಿನಿನ್ ಮತ್ತು ಟ್ಯಾಕ್ರೋಲಿಮಸ್ ಮಟ್ಟದ ಪರೀಕ್ಷೆ ತಪ್ಪಿಸಬೇಡಿ. ಮೂತ್ರ ಕಡಿಮೆಯಾದರೆ, ಜ್ವರ ಬಂದರೆ, ಕಸಿಯಾದ ಜಾಗ ನೋಯುತ್ತಿದ್ದರೆ ಅವತ್ತೇ ವೈದ್ಯರಿಗೆ ಫೋನ್ ಮಾಡಿ. ಆರಾಮಾಗಿದ್ದೇನೆಂದು ಮಾತ್ರೆ ಮಾತ್ರ ನಿಲ್ಲಿಸಬೇಡಿ.