ಮಕ್ಕಳಿಗೆ ಬರೆಯುವ ಸಂಕಲ್ಪ: ಕೊದಾಯ್ ಮಾರ್ಗದ ಬಲ ಮತ್ತು ಮಿತಿ

1925ರಲ್ಲಿ ಹಂಗರಿಯ ಸಂಯೋಜಕ ಜೋಲ್ತಾನ್ ಕೊದಾಯ್ ಅವರಿಗೆ ನಲವತ್ತೆರಡು ವರ್ಷ. ಬುಡಾ ಮತ್ತು ಪೆಸ್ಟ್ ಒಂದೇ ನಗರವಾಗಿ ಐವತ್ತು ವರ್ಷ ತುಂಬಿದ ಸಂಭ್ರಮಕ್ಕೆಂದು ಅವರು ಬರೆದ ‘ಪ್ಸಾಲ್ಮುಸ್ ಹುಂಗಾರಿಕುಸ್’ 1923ರಲ್ಲಿ ಭಾರಿ ಮೆಚ್ಚುಗೆ ಗಳಿಸಿತ್ತು. ಅಂಥ ಗೆಲುವಿನ ಬೆನ್ನಿಗೆ ಯಾವ ಸಂಯೋಜಕನಾದರೂ ಇನ್ನೂ ದೊಡ್ಡ ವಾದ್ಯವೃಂದದ ಕಡೆ, ಇನ್ನೂ ದೊಡ್ಡ ರಂಗಮಂದಿರದ ಕಡೆ ನೋಡುತ್ತಾನೆ. ಕೊದಾಯ್ ನೋಡಿದ್ದು ಶಾಲೆಯ ಕಡೆಗೆ. ಶಿಕ್ಷಕರಾಗಲು ಕಲಿಯುತ್ತಿದ್ದ ಹುಡುಗಿಯರು ಹಾಡುತ್ತಿದ್ದ ಹಾಡುಗಳ ಕಳಪೆತನ ಅವರನ್ನು ಕಂಗೆಡಿಸಿತೆಂದು ಅವರ ಜೀವನವನ್ನು ಬರೆದವರು ಹೇಳುತ್ತಾರೆ. ಇದೇ ಕಾಲದಲ್ಲಿ ಬುಡಾಪೆಸ್ಟಿನ ಒಂದು ಶಾಲೆಯ ಹುಡುಗರು ಚೆನ್ನಾಗಿ ಹಾಡುವುದನ್ನೂ ಅವರು ಕೇಳಿದ್ದರು. ಒಂದು ಕಡೆ ಸಂಕಟ, ಇನ್ನೊಂದು ಕಡೆ ಭರವಸೆ. ಆ ವರ್ಷ ಅವರು ಮಕ್ಕಳ ವೃಂದಗಾನಕ್ಕೆಂದು ಎರಡು ಹಾಡು ಬರೆದರು. ಮುಂದಿನ ನಾಲ್ಕು ದಶಕ, 1967ರಲ್ಲಿ ತೀರಿಕೊಳ್ಳುವವರೆಗೂ, ಮಕ್ಕಳಿಗಾಗಿ ಬರೆಯುವುದನ್ನು ಬಿಡಲಿಲ್ಲ.

ಇಂದು ಜಗತ್ತಿನ ಹಲವು ದೇಶಗಳ ಸಂಗೀತ ಶಿಕ್ಷಕರು ‘ಕೊದಾಯ್ ಪದ್ಧತಿ’ ಎಂದು ಕರೆಯುವುದನ್ನು ನಾನು ಇಲ್ಲಿ ತೂಗಿ ನೋಡಲು ಹೊರಟಿದ್ದೇನೆ. ಆ ಪದ್ಧತಿಯ ಉಪಕರಣಗಳಲ್ಲಿ ಮುಖ್ಯವಾದ ಯಾವುದನ್ನೂ ಕೊದಾಯ್ ಕಂಡುಹಿಡಿಯಲಿಲ್ಲ. ಸ್ವರಕ್ಕೊಂದು ಕೈಮುದ್ರೆ ಇಂಗ್ಲೆಂಡಿನ ಜಾನ್ ಕರ್ವೆನ್ ಅವರದು. ‘ದೋ’ ಎಂಬ ಆಧಾರ ಸ್ವರವನ್ನು ಹಾಡುವವರ ಕಂಠಕ್ಕೆ ತಕ್ಕಂತೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳುವ ಕ್ರಮವನ್ನು ಕರ್ವೆನ್‌ಗಿಂತ ಮೊದಲು ನಾರ್ವಿಚ್‌ನ ಸಾರಾ ಗ್ಲೋವರ್ ಬೆಳೆಸಿದ್ದರು. ಲಯವನ್ನು ‘ತಾ’, ‘ತಿತಿ’ ಎಂದು ಬಾಯಲ್ಲಿ ಹೇಳಿಸುವುದು ಫ್ರಾನ್ಸಿನಿಂದ ಬಂತು. ಷಡ್ಜವನ್ನು ತಮ್ಮ ಶ್ರುತಿಗೆ ಇಟ್ಟುಕೊಂಡು ಹಾಡುವ, ಜತಿಗಳನ್ನು ಬಾಯಲ್ಲಿ ಹೇಳಿಯೇ ಕಲಿಯುವ ನಮಗೆ ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಹಾಗಾಗಿ ಕೈಮುದ್ರೆಗಳ ಚಿತ್ರಪಟ ತೂಗುಹಾಕಿ ‘ನಮ್ಮಲ್ಲಿ ಕೊದಾಯ್ ಕಲಿಸುತ್ತೇವೆ’ ಎನ್ನುವ ಶಾಲೆ ಆ ಮನುಷ್ಯನ ಕೆಲಸದ ಹೊರಮೈಯನ್ನು ಮಾತ್ರ ತಂದುಕೊಂಡಿದೆ.

ಒಳಗಿನದು ಗೊತ್ತಾಗಬೇಕಾದರೆ ಹಾಡುಗಳನ್ನೇ ಕೇಳಬೇಕು. 1925ರ ಎರಡರಲ್ಲಿ ಒಂದು ‘ವಿಲ್ಲೋ’. ಇಂದಿನ ಸ್ಲೊವಾಕಿಯದಲ್ಲಿರುವ ನಿಟ್ರಾ ಪಟ್ಟಣದ ಸುತ್ತಲ ಹಳ್ಳಿಗಳಲ್ಲಿ ಗರಿಗಳ ಭಾನುವಾರದಂದು ಹುಡುಗಿಯರು ಸಿಂಗರಿಸಿದ ಕೊಂಬೆ ಹಿಡಿದು ಹಾಡುತ್ತ ಮನೆಮನೆಗೆ ಹೋಗುವ ಆಚರಣೆಯಿಂದ ಬಂದದ್ದು. ಗುರ್ಜಿ ಹೊತ್ತು ಮಳೆ ಬೇಡುತ್ತ ಬಾಗಿಲಿಗೆ ಬರುವ ಮಕ್ಕಳನ್ನು ಕಂಡ ಉತ್ತರ ಕರ್ನಾಟಕದವರಿಗೆ ಇದರ ಮನಸ್ಸು ತಟ್ಟನೆ ತಿಳಿಯುತ್ತದೆ. ಕೊದಾಯ್ ಆ ಧಾಟಿಯನ್ನು ಸಿಹಿಗೊಳಿಸಲಿಲ್ಲ. ಮಕ್ಕಳಿಗೆಂದು ಸ್ವರ ಇಳಿಸಲಿಲ್ಲ, ಚಪ್ಪಾಳೆಯ ಅಲಂಕಾರ ಹಚ್ಚಲಿಲ್ಲ. ಒಂದು ಗುಂಪು ಎತ್ತಿದ್ದನ್ನು ಇನ್ನೊಂದು ಗುಂಪು ಬೇರೆ ಎತ್ತರದಲ್ಲಿ ಹಿಡಿಯುತ್ತದೆ. ಕಂಠಗಳು ಒಂದರ ಮೇಲೊಂದು ಹಾಯುತ್ತವೆ. 1938ರ ‘ಸಂಜೆಯ ಹಾಡು’ ಇದಕ್ಕಿಂತ ಸರಳ, ಇದಕ್ಕಿಂತ ಆಳ. ಮೇಲಿನ ಕಂಠ ಜನಪದ ಧಾಟಿಯನ್ನು ಹಾಡುವಾಗ ಕೆಳಗಿನ ಕಂಠಗಳು ಬಾಯಿ ಮುಚ್ಚಿ ಗುನುಗುತ್ತವೆ. ಗುನುಗುವ ಮಗುವಿಗೂ ಹಾಡುವ ಮಗುವಿನಷ್ಟೇ ಕೆಲಸ, ಅಷ್ಟೇ ಮರ್ಯಾದೆ. ಇಪ್ಪತ್ತನೆಯ ಶತಮಾನದ ಒಬ್ಬ ಶ್ರೇಷ್ಠ ಸಂಯೋಜಕ ತನ್ನ ಪೂರ್ಣ ಶಕ್ತಿಯಿಂದ ಹತ್ತು ವರ್ಷದವರಿಗೆ ಬರೆದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮಕ್ಕಳಿಗೆ ಬರೆದದ್ದರಿಂದ ಅವರ ‘ದೊಡ್ಡ’ ಕೃತಿಗಳು ಬಡವಾದವೇ? ಕಾಲಾನುಕ್ರಮವೇ ಉತ್ತರ ಹೇಳುತ್ತದೆ: 1926ರಲ್ಲಿ ‘ಹಾರಿ ಯಾನೋಶ್’, 1933ರಲ್ಲಿ ‘ಗಲಾಂತಾ ನೃತ್ಯಗಳು’, 1939ರಲ್ಲಿ ‘ನವಿಲು’ ಧಾಟಿಯ ಮೇಲಿನ ವಾದ್ಯವೃಂದ ಕೃತಿ. ಅವರ ಬಹು ಪ್ರಸಿದ್ಧ ರಚನೆಗಳಲ್ಲಿ ಹಲವು ಆ ಸಂಕಲ್ಪದ ನಂತರದವು. ಗೆಳೆಯ ಬೇಲಾ ಬಾರ್ತೋಕ್ ಕೂಡ 1930ರ ದಶಕದಲ್ಲಿ ಮಕ್ಕಳ ಮತ್ತು ಹೆಣ್ಣುಕಂಠಗಳ ವೃಂದಕ್ಕೆ ಇಪ್ಪತ್ತೇಳು ಹಾಡು ಬರೆದರು. ಐದು ಸ್ವರಗಳೊಳಗೆ, ಪಕ್ಕವಾದ್ಯವಿಲ್ಲದೆ, ಉಸಿರಿನ ಅಳತೆಯೊಳಗೆ ಬರೆಯಬೇಕಾದಾಗ ಪೊಳ್ಳು ನಿಲ್ಲುವುದಿಲ್ಲ. ಆ ಶಿಸ್ತು ಕೊದಾಯ್ ಅವರನ್ನು ಕೊನೆತನಕ ಚೈತನ್ಯಶೀಲರನ್ನಾಗಿ ಇಟ್ಟಿತೆಂದು ನಾನು ನಂಬುತ್ತೇನೆ.

ಇನ್ನು ಕಲಿಕೆಯ ಕ್ರಮ. ಇಲ್ಲಿ ನಮ್ಮ ಸಂಗೀತ ಶಿಕ್ಷಕರು ನಿಂತು ಯೋಚಿಸಬೇಕಾದ ಮಾತಿದೆ. ಕೊದಾಯ್ ಕ್ರಮದಲ್ಲಿ ಮಗು ಮೊದಲು ಹಾಡುವುದು ‘ಸೋ–ಮಿ’, ನಮ್ಮ ಲೆಕ್ಕದಲ್ಲಿ ಪಂಚಮದಿಂದ ಅಂತರ ಗಾಂಧಾರಕ್ಕೆ ಇಳಿಯುವ ಎರಡು ಸ್ವರ. ಆಮೇಲೆ ಧೈವತ, ನಂತರ ಷಡ್ಜ, ರಿಷಭ. ಸೇರಿಸಿದರೆ ಮೋಹನ ರಾಗದ ಐದು ಸ್ವರ. ಅರ್ಧ ಸ್ವರದ ಅಂತರಗಳನ್ನು ಎಳೆಯ ಕಂಠ ನಿಖರವಾಗಿ ಹಿಡಿಯಲಾರದೆಂದು ಅವನ್ನು ಬೇಕೆಂದೇ ಹಿಂದಕ್ಕೆ ತಳ್ಳಿದ್ದಾರೆ. ನಮ್ಮ ಸರಳೆವರಸೆ ಶುರುವಾಗುವುದು ಮಾಯಾಮಾಳವಗೌಳದಲ್ಲಿ. ಷಡ್ಜದ ಪಕ್ಕದಲ್ಲೇ ಶುದ್ಧ ರಿಷಭ, ಗಾಂಧಾರಕ್ಕೆ ತಾಗಿಕೊಂಡೇ ಮಧ್ಯಮ. ಪುರಂದರದಾಸರ ಹೆಸರಿನೊಂದಿಗೆ ಬೆಸೆದುಕೊಂಡ ಈ ಕ್ರಮಕ್ಕೆ ತನ್ನದೇ ತರ್ಕವಿದೆ: ಸಪ್ತಕದ ಎರಡು ಅರ್ಧಗಳೂ ಒಂದೇ ಅಳತೆಯವು, ಹತ್ತಿರದ ಸ್ವರ ಮತ್ತು ದೂರದ ಸ್ವರ ಎರಡೂ ಮೊದಲ ದಿನವೇ ಕಿವಿಗೆ ಬೀಳುತ್ತವೆ. ಹತ್ತು ವರ್ಷದ ಶ್ರದ್ಧೆಯ ವಿದ್ಯಾರ್ಥಿಗೆ ಇದು ಸೊಗಸಾದ ಪಾಠ. ಐದು ವರ್ಷದ ಮಗುವಿಗೆ, ಅದರಲ್ಲೂ ನಲವತ್ತು ಮಕ್ಕಳ ತರಗತಿಗೆ, ಐದು ಸ್ವರದ ದಾರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಜಗತ್ತಿನ ಎಲ್ಲ ಮಕ್ಕಳ ಬಾಯಲ್ಲೂ ಆ ಎರಡು ಸ್ವರವೇ ಮೊದಲು ಬರುತ್ತದೆಂಬ ವಾದವನ್ನು ಒಪ್ಪಲಾರೆ. ಮಗು ತನ್ನ ಮನೆಯ ಜೋಗುಳ, ತನ್ನ ಬೀದಿಯ ಆಟದ ಹಾಡು ಯಾವ ಸ್ವರದಲ್ಲಿದೆಯೋ ಅದನ್ನೇ ಮೊದಲು ಹಿಡಿಯುತ್ತದೆ. ಹಂಗರಿಯ ಕ್ರಮವನ್ನು ಹಾಗೆಯೇ ನಕಲು ಮಾಡುವವರು ಈ ಮಾತನ್ನು ಮರೆಯುತ್ತಾರೆ.

ಈ ಮಾರ್ಗದ ದೊಡ್ಡ ಕೊರತೆ ಬೇರೆ ಇದೆ. ಕೊದಾಯ್ ಬಯಸಿದ ‘ಸಂಗೀತದ ತಾಯ್ನುಡಿ’ ಹಳ್ಳಿಯ ಹಳೆಯ ಧಾಟಿಗಳದು. ಪಟ್ಟಣದ ಜಿಪ್ಸಿ ವಾದ್ಯಗಾರರು ನುಡಿಸುತ್ತಿದ್ದ ಜನಪ್ರಿಯ ಸಂಗೀತಕ್ಕೆ ಅದರಲ್ಲಿ ಜಾಗ ಕಡಿಮೆ. ಬಾಲ್ಯದಲ್ಲಿ ಕೇಳಿದ ಅಂಥದೇ ಒಂದು ತಂಡದ ನೆನಪಿನಿಂದ ‘ಗಲಾಂತಾ ನೃತ್ಯಗಳು’ ಬರೆದ ಸಂಯೋಜಕ ಮಕ್ಕಳ ಪಾಠಕ್ಕೆ ಬಂದಾಗ ಬೇಲಿ ಬಿಗಿ ಮಾಡಿದ್ದು ನನಗೆ ನೋವಿನ ಸಂಗತಿ. ಶುದ್ಧಿಯ ಹಂಬಲ ದೇಶಪ್ರೇಮದಿಂದ ಬಂದದ್ದೇ ಇರಬಹುದು. ತರಗತಿಯಲ್ಲಿ ಕೂತ ಜಿಪ್ಸಿ ಮಗುವಿಗೆ ತನ್ನ ಮನೆಯ ಸಂಗೀತ ಕೀಳೆಂದು ಅನ್ನಿಸುವುದು ತಪ್ಪುವುದಿಲ್ಲ. ಮತ್ತೊಂದು: ಮಗು ಇಲ್ಲಿ ಚೆನ್ನಾಗಿ ಹಾಡುತ್ತದೆ, ಸ್ವರಲಿಪಿ ಓದುತ್ತದೆ, ಆದರೆ ತಾನೇ ಹಾಡು ಕಟ್ಟುವುದಕ್ಕೆ ಸಿಗುವ ಸಮಯ ಸಾಲದು. 1950ರಿಂದ ‘ಮಕ್ಕಳಿಗಾಗಿ ಸಂಗೀತ’ ಸಂಪುಟಗಳನ್ನು ಹೊರತಂದ ಜರ್ಮನಿಯ ಕಾರ್ಲ್ ಓರ್ಫ್ ಈ ವಿಷಯದಲ್ಲಿ ಹೆಚ್ಚು ಉದಾರಿ. ಅವರ ತರಗತಿಯಲ್ಲಿ ಮಕ್ಕಳು ಮರದ ಪಟ್ಟಿಗಳ ಮೇಲೆ ನುಡಿಸುತ್ತ, ಕುಣಿಯುತ್ತ, ಆ ಹೊತ್ತಿಗೆ ತೋಚಿದ್ದನ್ನು ಕಟ್ಟುತ್ತ ಕಲಿಯುತ್ತಾರೆ. ಓರ್ಫ್ ಅವರ ಆ ಸಂಪುಟಗಳಿಗಿಂತ ಕೊದಾಯ್ ಅವರ ಹಾಡುಗಳು ಸಂಗೀತವಾಗಿ ಮೇಲು. ಮಗುವಿನ ಕಲ್ಪನೆಗೆ ಓರ್ಫ್ ಅವರ ತರಗತಿ ಹೆಚ್ಚು ಜಾಗ ಕೊಡುತ್ತದೆ.

1950ರಲ್ಲಿ ಕೊದಾಯ್ ಹುಟ್ಟಿದೂರು ಕೆಚ್‌ಕೆಮೇತ್‌ನಲ್ಲಿ ದಿನವೂ ಹಾಡು ಕಲಿಸುವ ಮೊದಲ ಪ್ರಾಥಮಿಕ ಶಾಲೆ ತೆರೆಯಿತು. ಮುಂದೆ ಅಂಥ ಶಾಲೆಗಳು ನೂರನ್ನು ಮೀರಿದವು. 2016ರಲ್ಲಿ ಯುನೆಸ್ಕೊ ಈ ಮಾರ್ಗವನ್ನು ಜನಪದ ಸಂಗೀತ ಉಳಿಸುವ ಉತ್ತಮ ಕ್ರಮಗಳ ಪಟ್ಟಿಗೆ ಸೇರಿಸಿತು. ಆ ಶಾಲೆಗಳ ಪರವಾಗಿ ಮಾತಾಡುವವರು ಅಲ್ಲಿನ ಮಕ್ಕಳು ಗಣಿತದಲ್ಲೂ ಮುಂದೆ ಎಂದು ಹೇಳುತ್ತ ಬಂದಿದ್ದಾರೆ. ಬೆಂಗಳೂರಿನಲ್ಲೂ ‘ಮೆದುಳು ಚುರುಕಾಗುತ್ತದೆ’ ಎಂದು ಕೀಬೋರ್ಡ್ ತರಗತಿಗೆ ಸೇರಿಸುವ ತಂದೆತಾಯಿ ಹಲವರು. ಈ ವಾದವನ್ನು ಬಿಟ್ಟುಬಿಡಬೇಕೆಂದು ನಾನು ಕೈಮುಗಿದು ಕೇಳುತ್ತೇನೆ. ಹಾಡಿನ ತರಗತಿಯನ್ನು ಗಣಿತದ ಅಂಕದಿಂದ ಅಳೆದರೆ, ಅಂಕ ಏರದ ವರ್ಷ ಹಾಡನ್ನು ತೆಗೆದುಹಾಕಲು ಕಾರಣ ಸಿದ್ಧವಾಗಿರುತ್ತದೆ.

ಕನ್ನಡದಲ್ಲಿ ಇಂಥ ಸಂಕಲ್ಪ ಇಲ್ಲದಿಲ್ಲ. ಎಂ.ಎ. ಮುಗಿಸಿ ತಂದೆಯ ಶಾಲೆಯಲ್ಲಿ ಪಾಠ ಹೇಳಲು ನಿಂತ ಜಿ. ಪಿ. ರಾಜರತ್ನಂ ಪಠ್ಯದ ಪದ್ಯಗಳಿಂದ ತೃಪ್ತರಾಗದೆ ತಾವೇ ಬರೆಯಲು ಕೂತರು. ‘ತುತ್ತೂರಿ’ ಹಾಗೆ ಬಂತು. ಪಂಜೆ ಮಂಗೇಶರಾಯರೂ ಶಾಲೆಯ ಒಳಗಿನಿಂದಲೇ ಬರೆದವರು. ಪದ್ಯದ ಮಟ್ಟಿಗೆ ನಾವು ಭಾಗ್ಯವಂತರು. ಸಂಗೀತದ ಮಟ್ಟಿಗೆ ಹಾಗೆ ಹೇಳಲಾರೆ. ಆ ಪದ್ಯಗಳಿಗೆ ಕಟ್ಟಿದ ಧಾಟಿಗಳಲ್ಲಿ ಬಹಳಷ್ಟು ಸಿನಿಮಾದ ಮಾದರಿಯವು, ರೆಕಾರ್ಡ್ ಮಾಡಿದ ವಾದ್ಯದ ಹಿಮ್ಮೇಳವಿಲ್ಲದೆ ನಿಲ್ಲಲಾರದವು. ಸಂಗೀತ ಕಲಿಯುವ ಮಗುವಿನ ಮುಂದೆ ನಾವು ಇಡುವ ಗುರಿಗಳು ಜೂನಿಯರ್, ಸೀನಿಯರ್ ಪರೀಕ್ಷೆ; ಇಲ್ಲವೇ ಟೀವಿಯ ಸ್ಪರ್ಧೆಯಲ್ಲಿ ದೊಡ್ಡವರ ಪ್ರೇಮಗೀತೆ ಹಾಡಿ ತೀರ್ಪುಗಾರರ ಮುಂದೆ ಅಳುವುದು. ಎರಡರಲ್ಲೂ ಮಗು ಒಂಟಿ. ಪಕ್ಕದ ಮಗುವಿನ ದನಿ ಕೇಳುತ್ತ ತನ್ನ ದನಿ ಹೊಂದಿಸುವ ಪಾಠಕ್ಕೆ ಅಲ್ಲಿ ಅವಕಾಶವೇ ಇಲ್ಲ.

ವಿದ್ವಾಂಸರಲ್ಲಿ, ಸುಗಮ ಸಂಗೀತದ ಸಂಯೋಜಕರಲ್ಲಿ, ರಂಗಸಂಗೀತ ಬಲ್ಲವರಲ್ಲಿ ನನ್ನ ಕೋರಿಕೆ ಇಷ್ಟು. ಈ ವರ್ಷ ನಿಮ್ಮ ಊರಿನ ಒಂದು ಸರ್ಕಾರಿ ಶಾಲೆಯನ್ನು ಆರಿಸಿಕೊಳ್ಳಿ. ಮೊದಲು ಅಲ್ಲಿನ ಮಕ್ಕಳು ಅಂಗಳದಲ್ಲಿ ಏನು ಹಾಡುತ್ತಾರೆಂದು ಕೇಳಿ. ಅದು ಸೋಬಾನೆಯೇ ಆಗಿರಲಿ, ಸಿನಿಮಾ ಹಾಡೇ ಆಗಿರಲಿ, ಕೀಳೆನ್ನಬೇಡಿ. ಆಮೇಲೆ ಆ ಕಂಠಗಳಿಗೆಂದೇ, ಹಾರ್ಮೋನಿಯಂ ಕೂಡ ಬೇಡದ ಮೂರು ಹೊಸ ಹಾಡು ಕಟ್ಟಿ, ನಿಮ್ಮ ಕಛೇರಿಗೆ ಸಿದ್ಧವಾಗುವಷ್ಟೇ ಶ್ರಮದಿಂದ ಕಲಿಸಿ, ನಾಲ್ಕನೆಯದನ್ನು ಮಕ್ಕಳೇ ಕಟ್ಟಲು ಬಿಡಿ.