‘ಲಿಂಗಾಯತ’ ಶಬ್ದದ ನಿಷ್ಪತ್ತಿ ವಿಚಾರ

ಒಂದು ಸಮಾಜದ ಹೆಸರನ್ನು ಬಿಡಿಸಿ ಅದರ ಮೂಲವನ್ನು ತೋರಿದೊಡನೆ ಆ ಸಮಾಜದ ಸ್ವರೂಪವೇ ನಿರ್ಣಯವಾಯಿತೆಂದು ಭಾವಿಸುವ ರೂಢಿಯು ವಿದ್ವಾಂಸರಲ್ಲಿ ಉಂಟು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳಲ್ಲಿ ನಿತ್ಯ ಬಳಕೆಯದಾದ ‘ಲಿಂಗಾಯತ’ ಶಬ್ದದ ಚರ್ಚೆಯಲ್ಲಿ ಈ ದೋಷವು ಎದ್ದು ಕಾಣುತ್ತದೆ. 2018ರಲ್ಲಿ ಕರ್ನಾಟಕ ಸರಕಾರವು ಪ್ರತ್ಯೇಕ ಧರ್ಮದ ಮಾನ್ಯತೆಗೆ ಶಿಫಾರಸು ಮಾಡಿದ ಮೇಲಂತೂ ವ್ಯುತ್ಪತ್ತಿಯು ವಾದದ ಆಯುಧವೇ ಆಯಿತು.

ಈ ಶಬ್ದಕ್ಕೆ ಎರಡು ನಿಷ್ಪತ್ತಿಗಳನ್ನು ಹೇಳಲು ಬರುತ್ತದೆ. ಆಯತ, ಸ್ವಾಯತ, ಸನ್ನಿಹಿತ ಎಂಬವು ವಚನಗಳ ಪಾರಿಭಾಷಿಕ ಪದಗಳು. ವಿಜಯಪುರದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಮೇಲೆ ಇಂಥ ಪದಗಳ ಪರಿಶೀಲನೆ ಸುಲಭವಾಯಿತು. ಗುರುವಿತ್ತ ಇಷ್ಟಲಿಂಗವನ್ನು ಅಂಗದಲ್ಲಿ ಆಯತ ಮಾಡಿಕೊಂಡವನೇ ಲಿಂಗಾಯತನೆಂಬುದು ಮೊದಲನೆಯ ಪಕ್ಷ. ಮರಾಠಿಯ ‘ಭಾಲಾಈತ’ (ಭಲ್ಲೆಯುಳ್ಳವನು), ಹಿಂದಿಯಿಂದ ಬಂದ ‘ಡಕಾಯಿತ’ ಇವುಗಳಲ್ಲಿರುವ ಪ್ರತ್ಯಯವೇ ಇಲ್ಲಿಯೂ ಇದೆಯೆಂದರೆ, ‘ಲಿಂಗವಂತ’ ಎಂಬಂತೆ ಲಿಂಗವುಳ್ಳವನೆಂದು ಅರ್ಥವಾಗುವುದು, ಇದು ಎರಡನೆಯದು. ಸೊಲ್ಲಾಪುರಕ್ಕೆ ಹೊಂದಿದ ಇಂಡಿಯ ಗಡಿಯನ್ನು ನೆನೆದರೆ ಇದನ್ನು ಸುಮ್ಮನೆ ತಳ್ಳಿಬಿಡುವಂತಿಲ್ಲ. ಆದರೂ ವಚನಗಳ ಬಲವಿರುವುದು ಮೊದಲನೆಯದಕ್ಕೇ. ಯಾವುದನ್ನು ಒಪ್ಪಿದರೂ ಶಬ್ದವು ಸೂಚಿಸುವುದು ದೀಕ್ಷೆಯನ್ನು ಇಲ್ಲವೆ ಧಾರಣೆಯನ್ನು. ಜನ್ಮ, ನಾಡು, ನುಡಿಗಳನ್ನಲ್ಲ. 1884ರ ಮುಂಬಯಿ ಸರಕಾರದ ವಿಜಾಪುರ ಗ್ಯಾಝೆಟಿಯರಿನಲ್ಲಾದರೋ ಅದು ಹುಟ್ಟಿನಿಂದ ಬಂದ ಸಮುದಾಯದ ಹೆಸರಾಗಿದೆ. ಅರ್ಥವು ಸರಿದುದು ವ್ಯಾಕರಣದಿಂದಲ್ಲ, ಇತಿಹಾಸದಿಂದ.

ಪೋಲೆಂಡಿನ ‘ಪೊಲ್ಯಾಕ್-ಕತೊಲಿಕ್’ ಎಂಬ ಜೋಡುನುಡಿ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಪೂರ್ವಪದದ ಮೂಲ ‘ಬಯಲು’ ಎಂಬುದು ಬಹುಸಮ್ಮತ. ಉತ್ತರಪದದ ಗ್ರೀಕ್ ಮೂಲಕ್ಕೆ ‘ಸಾರ್ವತ್ರಿಕ’ ಎಂದರ್ಥ. ಎಲ್ಲೆಯಿಲ್ಲದುದನ್ನು ಒಂದು ಬಯಲಿಗೆ ಕಟ್ಟಿದ್ದು ಧಾತುವಲ್ಲ. 1795ರಲ್ಲಿ ರಾಜ್ಯವಳಿದು, ನಾಡಿನ ಬಹುಭಾಗವು ಆರ್ಥೊಡಾಕ್ಸ್ ರಶಿಯಾ ಮತ್ತು ಪ್ರಾಟೆಸ್ಟಂಟ್ ಪ್ರಶಿಯಾಗಳ ವಶವಾದಾಗ ಮತವೇ ರಾಷ್ಟ್ರದ ಗುರುತಾಯಿತು. ಆದರೆ ಪೋಲಿಶ್ ಸಾಹಿತ್ಯದ ಪಿತನೆನಿಸಿದ, 16ನೆಯ ಶತಮಾನದ ಮಿಕೊವಾಯ್ ರೇಯ್ ಕಾಲ್ವಿನನ ಮತದವನು. ಇತ್ತ ‘ಪರಮರಹಸ್ಯ’ವನ್ನು ಬರೆದ ಮನ್ಮಥಸ್ವಾಮಿಯ ನುಡಿ ಮರಾಠಿ, ಬಸವಪುರಾಣವನ್ನು ಮೊದಲು ರಚಿಸಿದ ಪಾಲ್ಕುರಿಕೆ ಸೋಮನಾಥನ ಕಾವ್ಯಭಾಷೆ ತೆಲುಗು.

ನಾಡಿನ ನಂಟು ಬೇಕೆನ್ನುವವರು ಅದನ್ನು ‘ಲಿಂಗಾಯತ’ದಲ್ಲಿ ಅರಸದೆ ‘ಬಸವನ ಬಾಗೇವಾಡಿ’ಯಲ್ಲಿ ಕಾಣಬೇಕು. ವೃಷಭದ ತದ್ಭವವಾದ ‘ಬಸವ’ವು ಅಲ್ಲಿ ಮಹಾಪುರುಷನ ಹೆಸರಾಗಿ, ಬಳಿಕ ಊರಿನ ವಿಶೇಷಣವಾಗಿ ನಿಂತಿದೆ. ಶಬ್ದಶಾಸ್ತ್ರವು ಮಾತಿನ ಹುಟ್ಟನ್ನು ಹೇಳಬಲ್ಲದು. ಯಾರು ಒಳಗಿನವರು, ಯಾರು ಹೊರಗಿನವರು ಎಂಬ ತೀರ್ಪು ಅದರ ಅಧಿಕಾರಕ್ಕೆ ಮೀರಿದುದು.